ಯಾರೂ ನಗದ ಕಂತು

ಹಳೆಯ ಹಾಸ್ಯ ಧಾರಾವಾಹಿಯ ನಲವತ್ತನೇ, ಕೊನೆಯ ಕಂತು ಎಷ್ಟು ಸಪ್ಪಗಿತ್ತೆಂದರೆ, ಗಜೇಂದ್ರಗಡದ ಟೇಲರ್ ಗೌಸುಸಾಬರ ಅಂಗಡಿಯ ಫ್ಯಾನೂ ಆಕಳಿಸಿತು. ಹೆಂಡತಿ ಖಾಜಾಬಿ ಮೊಬೈಲಿನಲ್ಲಿ ಅದನ್ನು ನೋಡುತ್ತಲೇ ಗುಂಡಿ ಹಚ್ಚುತ್ತಿದ್ದಳು. “ಎಲ್ಲಾ ಕಂತು ನೋಡಿದ್ವಿ, ನಿಮ್ಮ ನಗಿ ಎಲ್ಲೈತ್ರಿ? ಇದೂ ಮುಗೀಲಿ, ಇನ್ನ ಆ ಸುದ್ದಿ ತಗೀಬ್ಯಾಡ್ರಿ.”

ಮೂವತ್ತು ವರ್ಷದ ಹಿಂದೆ ಶೂಟಿಂಗಿಗೆ ಬಟ್ಟೆ ಹೊಲಿಯಲು ಹೋಗಿದ್ದ ಗೌಸುಸಾಬರು, ಪ್ರೇಕ್ಷಕರ ನಡುವೆ ಕೂತು ತಾವು ನಕ್ಕದ್ದು ಟಿವಿಯಲ್ಲಿ ಬಂದಿದೆಯೆಂದು ಹೇಳದ ದಿನವಿಲ್ಲ. ಅವರು ನಕ್ಕರೆ ನರಗುಂದದ ಗುಡ್ಡದ ಕಾಗೆಗಳು ಹಾರಿ ರೋಣದಲ್ಲಿ ಇಳಿಯುತ್ತವೆ. ಅನುಮಾನವಿದ್ದವರು ಕಾಗೆಗಳನ್ನೇ ಕೇಳಬಹುದು. ಆದರೆ ಚಲೋ ಕಂತುಗಳಲ್ಲಿ ನೂರು ಮಂದಿ ಒಟ್ಟಿಗೆ ನಕ್ಕಿದ್ದರು. ಅದರೊಳಗೆ ಒಬ್ಬರ ನಗು ಹೆಕ್ಕುವುದು ಹೇಗೆ?

ಪರದೆಯ ಮೇಲೆ ನಟ ಜೋಕು ಹೇಳಿ ಮುಗಿಸಿದ. ಯಾರೂ ನಗಲಿಲ್ಲ. ಅವನ ಮುಖ ಬಾಡಿತು. ಆಗ ಒಂದೇ ಒಂದು ನಗು, ಕುದುರೆ ಕೆನೆದಂತೆ ಸಿಡಿದು, ಬಿಕ್ಕಳಿಕೆಯಲ್ಲಿ ಮುಗಿಯಿತು. ನಟ ಜೀವ ಬಂದವನಂತೆ ಮುಂದಿನ ಮಾತು ಹೇಳಿದ.

ಖಾಜಾಬಿಯ ಸೂಜಿ ನಿಂತಿತು. “ಬಿಕ್ಕಳಿಕಿ ಸಹಿತ ನಿಮ್ದ ಐತಿ,” ಎಂದಳು. ಮತ್ತೆ ಗುಂಡಿ ಕೈಗೆತ್ತಿಕೊಂಡು ಕೇಳಿದಳು, “ಆದ್ರ ಅದರಾಗ ನಗೋ ಹಂತಾದ್ದು ಏನಿತ್ರಿ?”

“ಏನೂ ಇರ್ಲಿಲ್ಲ,” ಎಂದರು ಗೌಸುಸಾಬರು. “ಅಂವನ ಬಾಡಿದ ಮಾರಿ ನೋಡಾಕ ಆಗಲಿಲ್ಲ.”