ಅಕ್ಕನ ಹವಳ

"ಕೈ ತೆಗೀರಿ," ಎಂದಳು ಹೊಸಬಳು.

ತೀರಿಹೋದ ಮೊದಲ ಹೆಂಡತಿಯ ತಂಗಿ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು, ಸಮುದ್ರದ ಜೀವಿಗಳನ್ನು ಸಾಕುವ ಗಾಜಿನ ತೊಟ್ಟಿಯೊಳಗೆ ಮೊಣಕೈತನಕ ಕೈ ಇಳಿಸಿದ್ದಳು. ಕಾಲ ಬಳಿ ಮುಚ್ಚಳದ ಬಕೆಟ್ಟು, ಅದರಲ್ಲಿ ಉಪ್ಪುನೀರು. ಅವಳ ಬೆರಳ ತುದಿಯಲ್ಲೇ ಮೆತ್ತನೆಯ ಬಿಳಿ ಹವಳವೊಂದು ಪುಟ್ಟ ಪುಟ್ಟ ಅಂಗೈಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಯಾರನ್ನೋ ಕರೆಯುವಂತಿತ್ತು. ಅಕ್ಕನೇ ಕರೆಯುತ್ತಿದ್ದಾಳೆಂದುಕೊಂಡು, ಬಂದಾಗಲೆಲ್ಲ ತಂಗಿ ದೇವರ ಮುಂದೆ ನಿಂತ ಹಾಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದು ಇದರ ಮುಂದೆಯೇ.

"ನಮ್ಮಕ್ಕ ಸಾಕಿದ್ದು. ಎಲ್ಲಿಂದಲೋ ಬಂದವರ ಕೈಲಿ ಸಾಯೋಕೆ ಬಿಡಲ್ಲ, ನಮ್ಮನೆಗೆ ತಗೊಂಡು ಹೋಗ್ತೀನಿ. ಭಾವ, ನೀವಾದ್ರೂ ಹೇಳಿ!"

ಭಾವ ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲ ಕಡೆ ಸರಿದ. "ತೊಟ್ಟಿ ವಿಚಾರ ನನಗೇನು ಗೊತ್ತಮ್ಮ? ಅವಳನ್ನೇ ಕೇಳು."

ಮದುವೆಯಾಗಿ ಬಂದು ಮೂರು ವರ್ಷವಾದರೂ ನೆಂಟರ ಬಾಯಲ್ಲಿ ಅವಳು ಹೊಸಬಳೇ. ಅಕ್ಕನ ಪಾತ್ರೆ, ಅಕ್ಕನ ಪರದೆ, ಅಕ್ಕನ ತೊಟ್ಟಿ ಎಂದಾಗಲೆಲ್ಲ ತಲೆಯಾಡಿಸಿದವಳು ಇವತ್ತು ಆಡಿಸಲಿಲ್ಲ.

"ಅದು ಅಕ್ಕಂದಲ್ಲ. ನಂದು. ನಾನೇ ತಂದಿಟ್ಟಿದ್ದು."

"ಸುಳ್ಳು! ನನಗೆ ಗೊತ್ತಿಲ್ವಾ ನಮ್ಮಕ್ಕಂದು ಯಾವುದು ಅಂತ?"

"ಅಕ್ಕ ಈ ತೊಟ್ಟಿ ಮುಂದೆ ನಿಂತಿರೋ ವಿಡಿಯೋ ನಿಮ್ಮ ಫೋನಲ್ಲಿದೆಯಲ್ಲ, ತೆಗೆದು ನೋಡಿ."

ತಂಗಿ ಒದ್ದೆ ಕೈಯಲ್ಲೇ ತೆಗೆದಳು. ಅಕ್ಕ ನಗುತ್ತಿದ್ದಳು. ಅವಳ ಬೆನ್ನ ಹಿಂದೆ ಅದೇ ಬಣ್ಣ, ಅವೇ ಪುಟ್ಟ ಅಂಗೈಗಳು. ನೀರು ತೂಗಿದಷ್ಟು ತೂಗುತ್ತಿದ್ದವು. ಒಂದಾದರೂ ಮುಚ್ಚಲಿಲ್ಲ.

"ನಂದಕ್ಕೆ ದಪ್ಪ ಕಾಂಡ ಇದೆ, ಅಂಗೈ ಮುಚ್ಚಿ ತೆರೆಯುತ್ತೆ. ಅಕ್ಕಂದಕ್ಕೆ ಕಾಂಡ ಇಲ್ಲ. ಕಲ್ಲಿಗೇ ಹಾಸಿಕೊಂಡು ಹಬ್ಬುತ್ತೆ, ಸುಮ್ಮನೆ ತೂಗುತ್ತೆ."

ತಂಗಿ ಫೋನು ಕೆಳಗಿಳಿಸಿದಳು. "ಹಾಗಾದ್ರೆ ಅಕ್ಕಂದು? ಸಾಯಿಸೇಬಿಟ್ರಾ?"

ಹೊಸಬಳು ಹಿಂದಿನ ಮೂಲೆಯತ್ತ ಬೆರಳು ತೋರಿದಳು. ಅಲ್ಲಿ ಇಡೀ ಕಲ್ಲನ್ನು ಹೊದ್ದು, ಯಾರನ್ನೂ ಕರೆಯದೆ, ಒಂದು ಬಿಳಿ ಹಾಸು ತೂಗುತ್ತಿತ್ತು.

"ನಾನು ಬಂದಾಗ ಹೆಬ್ಬೆರಳಷ್ಟಿತ್ತು. ವಾರವಾರ ಉಪ್ಪು ಬೆರೆಸಿ ನೀರು ಬದಲಾಯಿಸಿದ್ದು ಈ ಕೈ."

ತಂಗಿಯ ಕೈ ಮತ್ತೆ ನೀರಿಗಿಳಿದು ಆ ಕಲ್ಲಿನತ್ತ ಹೊರಳಿತು. ಹೊಸಬಳು ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದಳು. ಆಮೇಲೆ ಬಗ್ಗಿ ಬಕೆಟ್ಟಿನ ಮುಚ್ಚಳ ತಾನೇ ತೆಗೆದಳು.

"ಬರಿಗೈಲಿ ಹೋಗೋದು ಬೇಡ. ನಂದನ್ನ ಕೊಡ್ತೀನಿ, ತಗೊಳ್ಳಿ. ಅಕ್ಕಂದನ್ನ ಕೊಡಲ್ಲ. ಎದುರಿಗಿದ್ರೂ ಗುರುತು ಹಿಡೀದೋರ ಜೊತೆ ಅವರನ್ನ ಹೇಗೆ ಕಳಿಸಲಿ?"