ಪರ್ಮಿಟ್ಟಿನ ಕುಡುಕ

ಗಿರಿಜಾಬಾಯಿ ಬಾಟಲಿಯ ಚೀಟಿಯ ಮೇಲೆ ಕಾಡಿಗೆಯಿಂದ ಒಂದು ಗೆರೆ ಎಳೆದು, ಅದನ್ನು ಮತ್ತೆ ಗಂಡನ ಟ್ರಂಕಿನಲ್ಲಿ ಪಂಚೆಗಳ ಕೆಳಗಿಟ್ಟಳು. ಮರುದಿನ ನೋಡಿದರೆ ಜಿನ್ನು ಗೆರೆಯಿಂದ ಅರ್ಧ ಬೆರಳು ಇಳಿದಿತ್ತು.

ಹದಿನೈದು ದಿನ ಹೀಗೇ ಗೆರೆ ಎಳೆದಳು. ಇಳಿಯದೆ ಉಳಿದದ್ದು ಏಕಾದಶಿಯ ದಿನ ಮಾತ್ರ. ಕುಡುಕನಾದರೂ ದೇವರ ಭಯವಿದೆಯಲ್ಲ ಎಂದು ಅವಳಿಗೆ ಒಂದಿಷ್ಟು ಸಮಾಧಾನವಾಯಿತು.

ಅವಳ ಗಂಡ ಅನಂತಾಚಾರ್ ಬಳ್ಳಾರಿಯ ದಂಡಿನ ಕ್ಲಬ್ಬೊಂದರಲ್ಲಿ ಗುಮಾಸ್ತ. ಸಾಹೇಬರ ಕಾಲದಲ್ಲಿ ಅಲ್ಲಿ ಸಂಜೆಯಾದರೆ ಕಾಕ್‌ಟೇಲ್. ಮದ್ಯಕ್ಕೆ ಹಣ್ಣಿನ ರಸ, ಸಕ್ಕರೆ, ನಾಲ್ಕು ಹನಿ ಕಹಿಬೇರಿನ ಅರಕು ಬೆರೆಸಿ, ಐಸು ಹಾಕಿ ಕುಲುಕುವ ಆ ವಿದ್ಯೆಯಲ್ಲಿ ಬಾರಿನ ಎರ್ರಿಸ್ವಾಮಿಯನ್ನು ಮೀರಿಸುವವರಿರಲಿಲ್ಲ. ಕುರುಗೋಡಿನ ಎರ್ರಿಸ್ವಾಮಿ ಲಂಡನ್ನಿನವರಿಗೆ ಗೊತ್ತಿಲ್ಲದ ಏಲಕ್ಕಿಯನ್ನು ಅದಕ್ಕೆ ಸೇರಿಸಿದ್ದ. ಅದನ್ನು ಕುಡಿದು ಒಬ್ಬ ಕರ್ನಲ್ ಬಳ್ಳಾರಿಯ ಬಿಸಿಲನ್ನು ಕ್ಷಮಿಸಿದನಂತೆ.

ಸಾಹೇಬರು ಹಡಗು ಹತ್ತಿದರು. ಮದರಾಸು ಸರ್ಕಾರ ಪಾನನಿರೋಧ ತಂದಿತು. ಬಾರಿಗೆ ಬೀಗ ಬಿತ್ತು. ಎರ್ರಿಸ್ವಾಮಿ ಸ್ಟೇಷನ್ ರಸ್ತೆಯಲ್ಲಿ ಸೋಡಾ ಅಂಗಡಿ ಇಟ್ಟ. ಕುಡಿತ ಬಿಟ್ಟರೆ ಬದುಕುವುದು ಕಷ್ಟ ಎಂದು ಡಾಕ್ಟರು ಬರೆದುಕೊಟ್ಟವರಿಗೆ ಮಾತ್ರ ಪರ್ಮಿಟ್ಟು. ಅನಂತಾಚಾರ್ ಮಾರನೆಯ ವಾರವೇ ಡಾಕ್ಟರ ಮುಂದೆ ನಿಂತ.

ಅವರು ಕಣ್ಣು ನೋಡಿದರು, ಹೊಟ್ಟೆ ಒತ್ತಿದರು, ಕೈ ಚಾಚಿಸಿದರು. ಬೆರಳು ನಡುಗಲಿಲ್ಲ.

"ಆಚಾರ್ರೇ, ಇಂಥ ಲಿವರ್ ಮಠದಾಗೂ ಸಿಗೂದಿಲ್ಲ. ನಾ ಏನಂತ ಬರೀಲಿ?"

"ಹತ್ತು ವರ್ಷದ ಚಟ ಅಂತ ಬರೀರಿ."

"ಒಂದಿನ ತಪ್ಪಿದ್ರ ಏನಾಗ್ತದ?"

"ಮನಿಯೊಳಗ ಯಾರಿಗೂ ನೆಮ್ಮದಿ ಇರೂದಿಲ್ರಿ."

ಡಾಕ್ಟರು ಮರುಕದಿಂದ ಸಹಿ ಹಾಕಿದರು.

ಇನ್ನು ಬೆರೆಸುವುದನ್ನು ತಾನೇ ಕಲಿಯಬೇಕಿತ್ತು. ಎರ್ರಿಸ್ವಾಮಿ ಅಂಗಡಿಯ ಬಾಗಿಲು ಅರ್ಧ ಎಳೆದು ಪಾಠ ಹೇಳಿದ.

"ಕುಲುಕ್ರಿ ಸ್ವಾಮೇರ, ಮಂಗಳಾರತಿ ಎತ್ತಿದಂಗ ಆಡಿಸಬ್ಯಾಡ್ರಿ. ಹಾಂ, ಈಗ ರುಚಿ ನೋಡ್ರಿ."

"ನೀನೇ ನೋಡೋ."

ಎರ್ರಿಸ್ವಾಮಿ ನೆಕ್ಕಿ ನೋಡಿ ತಲೆದೂಗಿದ. "ಹತ್ತು ವರ್ಷದ ಹಿಂದ ಹೊಟ್ಟಿಶೂಲಿಗಂತ ಮನಿಗೆ ಒಂದು ಲೋಟ ಒಯ್ದ್ರಿ. ಇನ್ನಾ ನಿಂತಿಲ್ಲೇನ್ರಿ ಶೂಲಿ?"

"ಶೂಲಿ ಅವತ್ತೇ ನಿಂತದಪಾ," ಎಂದ ಅನಂತಾಚಾರ್. ನಗಲಿಲ್ಲ.

ಪರ್ಮಿಟ್ಟಿನ ಸುದ್ದಿ ಕಚೇರಿಯ ಜವಾನನಿಂದ ಊರಿಗೆ, ಊರಿನಿಂದ ಮನೆಗೆ ಬಂತು. ತಾಯಿ ತುಳಸಮ್ಮ ಕಟ್ಟಾ ಮಡಿಯ ಹೆಂಗಸು. ಆಕೆ ಮಡಿಯುಟ್ಟಾಗ ಮೊಮ್ಮಗಳೂ ನಾಲ್ಕು ಮೊಳ ದೂರ ನಿಲ್ಲಬೇಕು. ಮಗನಿಗೆ ಅಂದಿನಿಂದ ಪಡಸಾಲೆಯಲ್ಲಿ ಊಟ. ದೀಪ ಹಚ್ಚುವ ಹೊತ್ತಿಗೆ ಮಾತ್ರ ಅವನು ದೇವರ ಕೋಣೆಯ ಹೊಸ್ತಿಲಿನ ಹೊರಗೆ ನಿಲ್ಲಬೇಕು. ಆಕೆ ಬುದ್ಧಿ ಹೇಳಬೇಕು. ಆಗ ಬೇರೆ ಯಾರೂ ಅತ್ತ ಸುಳಿಯಬಾರದು.

ಇದೆಲ್ಲ ಸಹಿಸಬಹುದಿತ್ತು. ಆದರೆ ಮಗಳಿಗೆ ಸಿರುಗುಪ್ಪದಲ್ಲಿ ಸಂಬಂಧ ಗೊತ್ತಾಗಿತ್ತು. ಗಂಡಿನ ತಂದೆ ನರಸಿಂಹಾಚಾರ್ ಒಂದು ಮಧ್ಯಾಹ್ನ ಬಸ್ಸಿಳಿದು ನೇರ ಬಂದರು. ಕೊಟ್ಟ ನೀರು ಮುಟ್ಟಲಿಲ್ಲ.

"ಸರ್ಕಾರದ ಮುದ್ರಿ ಬಿದ್ದ ಕುಡುಕರ ಮನಿ ಹೆಣ್ಣು ನಾವು ತರೂದು ಹ್ಯಾಂಗ?"

ಬಾಗಿಲ ಹಿಂದೆ ಹುಡುಗಿ ಬಿಕ್ಕಿದಳು. ಗಿರಿಜಾಬಾಯಿಗೆ ತಡೆಯಲಾಗಲಿಲ್ಲ. "ಏಕಾದಶಿ ದಿನ ಇವರು ಮುಟ್ಟೂದಿಲ್ರಿ."

"ಉಳಿದ ದಿನ?"

ಅನಂತಾಚಾರ್ ಏನೋ ಹೇಳಲು ಬಾಯಿ ತೆರೆದ. ಒಳಗಿನ ಕತ್ತಲೆಯತ್ತ ನೋಡಿದ. ಬಾಯಿ ಮುಚ್ಚಿದ.

ಆಗ ಆ ಕತ್ತಲೆಯಿಂದಲೇ ತುಳಸಮ್ಮನ ದನಿ ಬಂತು. "ಇಂಥವನ್ನ ಹಡದ ಹೊಟ್ಟಿ ನಂದದ ಆಚಾರ್ರೇ. ಬೈಯೂದಿದ್ರ ನನ್ನ ಬೈರಿ. ಆ ಕೂಸೇನು ಮಾಡ್ಯದ? ನನ್ನ ಕೈಯಾಗ ಬೆಳದದ, ನನ್ನ ಆಚಾರ ನೋಡಿ ಕಲ್ತದ." ಮಗನ ಚಟ, ತನ್ನ ಕರ್ಮ, ಸತ್ತ ಗಂಡನ ಮರ್ಯಾದೆ, ಒಂದನ್ನೂ ಬಿಡದೆ ಆಕೆ ಒಂದು ಗಂಟೆ ಮಾತಾಡಿದಳು. ಕೊನೆಕೊನೆಗೆ ನರಸಿಂಹಾಚಾರ್ ಶಲ್ಯದಿಂದ ಕಣ್ಣೊರೆಸಿಕೊಂಡರು.

"ನಿಮ್ಮ ಮಾರಿ ನೋಡಿ ಒಪ್ಪೇನಿ, ತಾಯಿ. ಆದ್ರ ಒಂದು ಮಾತು. ಧಾರಿ ಎರೀಲಿಕ್ಕೆ ಇವರು ಕೂಡಬಾರದು. ಇವರ ತಮ್ಮ ಎರೀಲಿ. ಇವರು ಹಂದರದಾಗೂ ಕಾಣಬಾರದು."

ಒಬ್ಬಳೇ ಮಗಳು. ಅನಂತಾಚಾರ್ ನೆಲ ನೋಡುತ್ತ, "ಆಗ್ಲಿ," ಎಂದ.

ನರಸಿಂಹಾಚಾರ್ ಈಗ ನೀರು ಕುಡಿದು, ಹಣ್ಣು ತಿಂದು, ಸಂಜೆಯ ಬಸ್ಸಿಗೆ ಹೊರಟರು. ಹೋಗುವಾಗ ಒಳಕೋಣೆಯ ಕಡೆ ತಿರುಗಿ ಕೈಮುಗಿದರು. ಮನೆಯಲ್ಲಿ ಪುಣ್ಯಕ್ಕೆ ಒಬ್ಬರಾದರೂ ಇದ್ದಾರೆ ಎಂದು ಬೀದಿಯಲ್ಲಿ ಸಿಕ್ಕವರಿಗೂ ಹೇಳಿದರು.

ದೀಪ ಹಚ್ಚುವ ಹೊತ್ತಾಯಿತು. ಗಿರಿಜಾಬಾಯಿ ಮಗಳನ್ನು ಕರೆದುಕೊಂಡು ಹಿತ್ತಲಿಗೆ ಸರಿದಳು. ಪಾಪ, ಇವತ್ತು ಅವರಿಗೆ ಎಷ್ಟು ಬುದ್ಧಿಮಾತು ಕಾದಿದೆಯೋ. ಅನಂತಾಚಾರ್ ಹೊಸ್ತಿಲಿನ ಹೊರಗೆ ಬಂದು ನಿಂತ. ತುಳಸಮ್ಮ ಬೆಳ್ಳಿಯ ತಂಬಿಗೆಯನ್ನು ನೆಲದ ಮೇಲಿಟ್ಟು, ಮೈಲಿಗೆ ತಾಗದಂತೆ ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಏಲಕ್ಕಿ ಘಮಘಮಿಸುವ ಲೋಟವನ್ನು ಎತ್ತರದಲ್ಲಿ ಹಿಡಿದು, ತಂಬಿಗೆಗೆ ಸೋಕದಂತೆ, ಒಂದೇ ಧಾರೆಯಾಗಿ ಸುರಿದ.

"ಇವತ್ತ ಇನ್ನೊಂದಿಷ್ಟು ಹಾಕೋ ಅನಂತಾ," ಎಂದಳು ತಾಯಿ, "ನಿನ್ನ ಬೈದು ಬೈದು ಗಂಟಲು ಒಣಗ್ಯದ."