ಹೊಟ್ಟಿನ ಕೋಣೆಯ ಗೋಡೆ

"ಬೇಲಿ ಮ್ಯಾಲ ಬಟ್ಟಿ ಒಣಹಾಕಿದ್ದು ಕಾಣಲಿಲ್ಲಲಾ?"

ಬಾಗಿಲಲ್ಲಿ ನಿಂತ ಅತ್ತೆ ಮೈಲಾರವ್ವನ ಮಾತಿಗೆ ಸಾವಕ್ಕನ ಕೈ ಅಲ್ಲೇ ನಿಂತಿತು. ತುದಿ ಜಜ್ಜಿದ ಜೋಳದ ದಂಟಿನಿಂದ ಸುಣ್ಣ ಸೀರೆಯ ಮೇಲೆ ತೊಟ್ಟಿಕ್ಕಿತು.

ಮುಟ್ಟಾದವರು ಮೂರು ದಿನ ಹಿತ್ತಿಲಿನ ಹೊಟ್ಟಿನ ಕೋಣೆಯಲ್ಲಿ ಕೂರುವುದು ಯರಗುಪ್ಪಿಯ ಆ ಮನೆಯ ರೀತಿ. ಒಲೆ ಮುಟ್ಟುವಂತಿಲ್ಲ, ಹೊಲಕ್ಕೆ ಹೋಗುವಂತಿಲ್ಲ. ದನಕ್ಕೆ ಹಾಕುವ ಹೊಟ್ಟನ್ನು ಒಂದು ಗೋಡೆಯ ಬದಿಗೆ ಮಲಗುವಷ್ಟು ಜಾಗ ಬಿಟ್ಟೇ ತುಂಬುತ್ತಿದ್ದರು. ಆ ಗೋಡೆಯ ಮೇಲೆ ಸಾವಕ್ಕ ಸುಣ್ಣ, ಕೆಮ್ಮಣ್ಣು ಕಲಸಿ ಹಕ್ಕಿ, ಎತ್ತು, ನೀರಿಗೆ ಹೊರಟ ಹೆಂಗಸರು, ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುತ್ತಿದ್ದಳು.

"ಮುಟ್ಟು ನಿಂತು ಎಷ್ಟು ದಿವಸಾತು?"

"ದೀವಳಗಿಯಿಂದ ಇಲ್ರಿ ಅತ್ತಿ."

"ಮತ್ತ ತಿಂಗಳಾ ಇಲ್ಲಿ ಬಂದ್ಯಾಕ ಕುಂಡ್ರತಿ?"

"ಏನ್ ಮಾಡ್ಲಿರಿ, ಒಮ್ಮಿಂದೊಮ್ಮೆಲೆ ಮೈಯಾಗ ಬೆಂಕಿ ಏಳತೈತಿ. ರೊಟ್ಟಿ ಬಡಿಯೂಮುಂದ ಸುಮ್ಮಸುಮ್ಮನ ಅಳು ಬರ್ತೈತಿ. ಮೊಮ್ಮಕ್ಕಳ ಮ್ಯಾಲೆ ಒದರತೇನಿ. ಇಲ್ಲಿ ಬಂದು ಗ್ವಾಡಿಗೆ ಕೈ ಹಚ್ಚಿದಾಗಷ್ಟ ಎದಿ ತಣ್ಣಗಾಗತೈತಿ."

ಮೈಲಾರವ್ವ ಒಳಗೆ ಬಂದಳು. ಗೋಡೆಯ ಮೂಲೆಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕುಳಿತ ಹೆಂಗಸಿನ ಚಿತ್ರವೊಂದಿತ್ತು.

"ಇದು ನೀನೇನು?"

"ಅಲ್ರಿ, ನೀವು." ಸಾವಕ್ಕನ ದನಿ ಸಣ್ಣಗಾಯಿತು. "ನಾ ಲಗ್ನ ಆಗಿ ಬಂದ ಹೊಸದರಾಗ ನೀವೂ ಇಲ್ಲೇ ಕುಂತು ಅಳತಿದ್ರಿ. ಬಾಗಲದಾಗ ನಿಂತು ನೋಡಿದ್ದೆ. ಯಾಕಂತ ಕೇಳಾಕ ಧೈರ್ಯ ಆಗಲಿಲ್ಲ."

ಮುದುಕಿ ಆ ಚಿತ್ರದ ಬೆನ್ನಿನ ಮೇಲೆ ಬೆರಳಾಡಿಸಿದಳು.

"ಅವರಿಗೆ ಹೇಳಬ್ಯಾಡ್ರಿ ಅತ್ತಿ. ಮೂರು ದಿನ ನನ್ನ ಪಾಡಿಗೆ ನನ್ನ ಬಿಡ್ರಿ."

ಹೇಳಬಾರದೆಂದೇ ಮೈಲಾರವ್ವನೂ ಅಂದುಕೊಂಡಿದ್ದಳು. ಆದರೆ ಅದು ಎಪ್ಪತ್ನಾಲ್ಕರ ಸುಗ್ಗಿ. ಕೈಗೆ ಆಳು ಸಿಗುತ್ತಿರಲಿಲ್ಲ. ಊಟಕ್ಕೆ ಕುಳಿತ ಮಗ ಗೂಳಪ್ಪ, "ಇಂಥಾ ಹೊತ್ತಿನ್ಯಾಗ ಇಕಿ ಹೊರಗ ಕುಂತಾಳ. ಇನ್ನೂ ಎಷ್ಟು ದಿನ?" ಎಂದು ಗೊಣಗಿದಾಗ ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಿಬಿಟ್ಟಳು. ಗೂಳಪ್ಪ ಸಿಟ್ಟಾಗುತ್ತಾನೆಂದು ಅಂಜಿದ್ದಳು. ಅವನ ಮುಖ ಅರಳಿತು.

"ಚೊಲೋ ಆತು ಬಿಡು. ಸುಗ್ಗ್ಯಾಗ ಒಂದು ಆಳು ಉಳೀತು. ಆ ಜಾಗಾನೂ ಖಾಲಿ ಆತು."

ಮರುದಿನ ಕಣದಿಂದ ಕಡಲೆ ಹೊಟ್ಟಿನ ಚಕ್ಕಡಿ ಬಂತು. ಸಾವಕ್ಕನೇ ಬುಟ್ಟಿ ತುಂಬಿ ತುಂಬಿ ತಂದು ಕೊಟ್ಟಳು, ಗೂಳಪ್ಪ ಗೋಡೆಯ ಬುಡಕ್ಕೆ ಸುರಿದ. ಮೊದಲು ಚಿತ್ರದ ಎತ್ತುಗಳ ಕಾಲು ಮುಚ್ಚಿತು, ಆಮೇಲೆ ಕೋಡು. ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮುಖ ಮಾತ್ರ ಬೇರೆ ಯಾರದೋ ಮನೆಯ ಕೆಲಸಕ್ಕೆ ಬಂದವಳಂತಿತ್ತು.

ಬಾಗಿಲ ಬಳಿ ನಿಂತಿದ್ದ ಮೈಲಾರವ್ವ ತಡೆಯಲಾರದೆ ಅಂದಳು, "ಏ ಗೂಳ್ಯಾ, ಆ ಮೂಲಿ ಬಾಜು ಸ್ವಲ್ಪ ಬಿಟ್ಟು ಸುರಿಯೋ."

"ಯಾಕ ಬೇ? ಅಲ್ಲಿ ಇನ್ನ ಯಾರು ಕುಂಡ್ರಾವ್ರು?"

ಮುದುಕಿ ಸೊಸೆಯ ಮುಖ ನೋಡಿದಳು. ಸಾವಕ್ಕ ತುಂಬಿದ ಬುಟ್ಟಿ ಹಿಡಿದು ನಿಂತಿದ್ದಳು.

"ಯಾರೂ ಇಲ್ಲ," ಅಂದಳು ಮೈಲಾರವ್ವ. "ಸುರಿ."